ನಾಯಿ ಹೊಟ್ಟೆಯ ಕೆಳಗೆ ನಾಲ್ಕು ಕಿಲೋಮೀಟರ್

"ರಾತ್ರಿ ಮೂರಕ್ಕೆ ಎದ್ದು ಬಲೂನು ಹಿಡ್ಕೊಳ್ಳೋಕೆ ಹೋಗ್ತೀಯಾ? ದುಡ್ಡು ಕೊಡ್ತಾರಾ?" ಅಂತ ಅಮ್ಮ ಕೇಳಿದರು. ಆ ವರ್ಷ ಅವರು ನ್ಯೂಜೆರ್ಸಿಗೆ ನಮ್ಮ ಮನೆಗೆ ಬಂದಿದ್ದರು. ಇಲ್ಲ ಅಂದೆ. "ಸರಿ, ಕಿವಿಗೆ ಮಫ್ಲರ್ ಸುತ್ಕೋ" ಅಂದು ಮಲಗಿದರು.

ಅದು 2019ರ ನವೆಂಬರ್ 28, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ. ನ್ಯೂಯಾರ್ಕಿನಲ್ಲಿ ಮೇಸೀಸ್ ಅಂಗಡಿಯವರು 1924ರಲ್ಲಿ ಶುರು ಮಾಡಿದ ಮೆರವಣಿಗೆಯ ದಿನ. ಭಾರಿ ಗಾತ್ರದ ಬಲೂನುಗಳನ್ನು ಹಗ್ಗದಿಂದ ಹಿಡಿದು ಬೀದಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ಬಲೂನು ಹಿಡಿಯುವವರು ಹೆಚ್ಚಾಗಿ ಅಂಗಡಿಯ ನೌಕರರು, ಅವರ ಮನೆಯವರು, ಗೆಳೆಯರು. ನನಗೂ ಗೆಳೆಯನ ಹೆಂಡತಿ ಮೂಲಕ ಜಾಗ ಸಿಕ್ಕಿತು. 18 ವರ್ಷ ತುಂಬಿರಬೇಕು, ಮಂಡಿ, ಬೆನ್ನು ಗಟ್ಟಿ ಇರಬೇಕು, ತೂಕ 120 ಪೌಂಡ್, ಅಂದರೆ ಸುಮಾರು 54 ಕಿಲೋ ಆದರೂ ಇರಬೇಕು. ನನ್ನ ಹೊಟ್ಟೆ ಯಾವುದಾದರೂ ಕೆಲಸಕ್ಕೆ ಅರ್ಹತೆ ಅನ್ನಿಸಿಕೊಂಡಿದ್ದು ಅದೇ ಮೊದಲು.

ಹಿಂದಿನ ದಿನ ಮಗಳನ್ನು ಕರೆದುಕೊಂಡು ಬಲೂನು ತುಂಬುವುದನ್ನು ನೋಡಿ ಬಂದಿದ್ದೆ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಎರಡೂ ಪಕ್ಕ, 77 ಮತ್ತು 81ನೇ ಬೀದಿಗಳಲ್ಲಿ ಹೀಲಿಯಂ ತುಂಬುತ್ತಾರೆ. ದೊಡ್ಡ ಬಲೂನಿನ ಒಳಗೆ ಬೇರೆ ಬೇರೆ ಭಾಗಗಳಿರುತ್ತವೆ. ಒಂದು ಕಡೆ ಹರಿದರೂ ಇಡೀ ಬಲೂನು ಕುಸಿಯಬಾರದು ಅಂತ. ತುಂಬಿದ ಮೇಲೆ ಬಲೆ ಹೊದಿಸಿ, ಮರಳು ಮೂಟೆ ಕಟ್ಟಿ ರಾತ್ರಿಯೆಲ್ಲ ಮಲಗಿಸುತ್ತಾರೆ. ನಮ್ಮ ಪಾಲಿಗೆ ಬಂದದ್ದು ಸ್ನೂಪಿ. 1968ರಿಂದ ಬೇರೆ ಬೇರೆ ವೇಷದಲ್ಲಿ ಬರುತ್ತಿರುವ ಕಾರ್ಟೂನ್ ನಾಯಿ, ಆ ವರ್ಷ ಗಗನಯಾತ್ರಿ. ಬಲೆಯೊಳಗೆ ಬಿದ್ದಿದ್ದ ಅದನ್ನು ನೋಡಿ ಮಗಳು, "ಪಾಪ, ಅರೆಸ್ಟ್ ಮಾಡಿದಾರಾ ಅಪ್ಪಾ?" ಅಂದಳು.

ಬೆಳಿಗ್ಗೆ ಎಲ್ಲರ ಬಾಯಲ್ಲೂ ಗಾಳಿಯದೇ ಮಾತು. ಒಂದೇ ಸಮನೆ ಬೀಸುವ ಗಾಳಿಗೆ ಗಂಟೆಗೆ 23 ಮೈಲಿ, ತಟ್ಟನೆ ನುಗ್ಗುವ ಗಾಳಿಗೆ 34 ಮೈಲಿ ಮಿತಿ. ಅದನ್ನು ಮೀರಿದರೆ ದೊಡ್ಡ ಬಲೂನು ಹೊರಡುವ ಹಾಗಿಲ್ಲ. 1997ರಲ್ಲಿ ಒಂದು ಬಲೂನು ದೀಪದ ಕಂಬಕ್ಕೆ ಬಡಿದು, ಕಂಬದ ತುಂಡು ಬಿದ್ದು ಹೆಂಗಸೊಬ್ಬರ ತಲೆಗೆ ಭಾರಿ ಪೆಟ್ಟಾಗಿತ್ತು. ಬಿಗಿ ನಿಯಮ ಬಂದದ್ದು ಆಮೇಲೆ. ಕೊಟ್ಟ ಬಟ್ಟೆ ತೊಟ್ಟು, ಆಕಾಶ ನೋಡುತ್ತಾ ನಿಂತೆವು. ಕೊನೆಗೆ ಅಪ್ಪಣೆ ಬಂತು: ಹೊರಡಿ, ಆದರೆ ತಗ್ಗಿಸಿಯೇ ಹಿಡಿಯಿರಿ.

ನಮ್ಮ ಕೈಗೆ ಕೊಡುವುದು ಹಗ್ಗ ಸುತ್ತಿದ ಪ್ಲಾಸ್ಟಿಕ್ ಹಿಡಿಕೆ. ಮೂಳೆಯ ಆಕಾರ, ಹೆಸರೂ 'ಬೋನ್'. ಬಲೂನು ಮೇಲೆ ಹೋಗಬೇಕಾದರೆ ಹಗ್ಗ ಬಿಡಬೇಕು, ಕೆಳಗೆ ಬರಬೇಕಾದರೆ ಸುತ್ತಬೇಕು. ಊರಲ್ಲಿ ತೇರಿನ ಮಿಣಿ ಹಿಡಿದವನು ನಾನು, ಇದೇನು ಮಹಾ ಅಂದುಕೊಂಡಿದ್ದೆ. ಆದರೆ ತೇರು, ಎಳೆಯದಿದ್ದರೆ ನಿಂತಲ್ಲೇ ನಿಲ್ಲುತ್ತದೆ. ಇದು ಬಿಟ್ಟರೆ ಹೋಗೇಬಿಡುತ್ತದೆ! ಎರಡು ಸಣ್ಣ ಗಾಡಿಗಳಿಗೆ ಬಲೂನನ್ನು ಕಟ್ಟಿರುತ್ತಾರೆ ನಿಜ, ಆದರೂ ಅದು ಓಲಾಡದ ಹಾಗೆ ನೋಡಿಕೊಳ್ಳುವವರು ಹಗ್ಗ ಹಿಡಿದ ನಾವೇ.

ಮುಂದೆ ಪೈಲಟ್, ಅಂದರೆ ನಮ್ಮ ತಂಡವನ್ನು ನಡೆಸುವವರು, ಇರುತ್ತಾರೆ. ನಮ್ಮ ಕಡೆ ಮುಖ ಮಾಡಿಕೊಂಡು, ದಾರಿಯುದ್ದಕ್ಕೂ ಹಿಂದು ಹಿಂದಕ್ಕೆ ನಡೆಯುತ್ತಾರೆ. ನಾವು ನೋಡಬೇಕಾದದ್ದು ಅವರ ಕೈಯನ್ನು. ನಾನು ತಪ್ಪಿದ್ದು ಅಲ್ಲೇ. ಕೊಲಂಬಸ್ ಸರ್ಕಲ್ ಹತ್ತಿರ ಅಪ್ಪನ ಹೆಗಲ ಮೇಲೆ ಕೂತ ಮಗುವೊಂದು ಕಿರುಚಿತು, ನಾನೂ ಕೈಬೀಸಿದೆ. ಅಷ್ಟರಲ್ಲಿ ಗಾಳಿ. ಸ್ನೂಪಿ ಮಗ್ಗುಲಾದ, ನಾನು ತುದಿಗಾಲಲ್ಲಿ ನಾಲ್ಕು ಹೆಜ್ಜೆ ಓಡಿದೆ. ಪಕ್ಕದಲ್ಲಿದ್ದ ಅರವತ್ತರ ಹೆಂಗಸು ನನ್ನ ಹಗ್ಗಕ್ಕೂ ಕೈ ಹಾಕಿ ಜಗ್ಗಿದರು. ಅವರಿಗೆ ಅದು ಹನ್ನೊಂದನೇ ವರ್ಷವಂತೆ. "ತೋಳಿನಿಂದ ಎಳೀಬೇಡ, ಕೂತ್ಕೋ" ಅಂದರು. ಅಂದರೆ ಮಂಡಿ ಬಗ್ಗಿಸಿ, ಸೊಂಟದಿಂದ ಭಾರ ಬಿಡಬೇಕು. ಆಮೇಲೆ 6ನೇ ಅವೆನ್ಯೂ ಉದ್ದಕ್ಕೂ ಅದೇ ಕೆಲಸ. ಕಟ್ಟಡಗಳ ಸಾಲು ಮುಗಿದು ಅಡ್ಡರಸ್ತೆ ಬಂದಾಗಲೆಲ್ಲ ಸಂದಿಯಿಂದ ಗಾಳಿ ನುಗ್ಗುತ್ತದೆ. ರಸ್ತೆ ಸಿಗುವ ಮೊದಲೇ ಕೂತುಕೊಳ್ಳುವುದು ಕಲಿತೆ. ಅಂಗಡಿ ಸಾಲು ನೋಡಲಿಲ್ಲ, ಮುಂದೆ ಹಾಡುತ್ತಿದ್ದವರು ಯಾರೋ ಗೊತ್ತಾಗಲಿಲ್ಲ.

34ನೇ ಬೀದಿಯಲ್ಲಿ ಎನ್‌ಬಿಸಿ ಟಿವಿಯ ಕ್ಯಾಮೆರಾಗಳು. ನಗಿ, ನಗಿ ಅಂತ ಸನ್ನೆ ಬಂತು. ಮರಗಟ್ಟಿದ ಬೆರಳಿಟ್ಟುಕೊಂಡು ನಕ್ಕೆವು. ಆಮೇಲೆ 7ನೇ ಅವೆನ್ಯೂ ಕಡೆ ತಿರುಗಿಸಿ, ಬಲೂನಿನ ಜಿಪ್ ತೆಗೆದರು. ಹೀಲಿಯಂ ಪೂರ್ತಿ ಹೋಗಲಿ ಅಂತ ಎಲ್ಲರೂ ಅದರ ಮೇಲೆ ಬಿದ್ದು ಉರುಳಾಡಿದೆವು. ಇಡೀ ದಿನದಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಅದೇ. ಬೆಚ್ಚಗಿನ ಹಾಸಿಗೆ ಸಿಕ್ಕಿದ ಹಾಗಾಗಿತ್ತು.

ಮನೆಗೆ ಬಂದು ಕೇಳಿದೆ, "ಟಿವಿಯಲ್ಲಿ ಕಾಣಿಸಿದ್ನಾ ಅಮ್ಮ?"

"ನಾಯಿ ಕಾಣಿಸ್ತು. ಅದರ ಕೆಳಗೆ ಒಂದಿಷ್ಟು ಕಾಲು ಕಾಣಿಸ್ತು. ಒಬ್ಬನ ಶೂ ಲೇಸು ಬಿಚ್ಚಿಹೋಗಿತ್ತು, ನೀನೇ ಅಲ್ವಾ?"