ನಮ್ಮ ಲ್ಯಾಬ್ರಡಾರ್‌ನ ಗ್ಯಾಸ್ ಕಡಿಮೆ ಮಾಡಿದ್ದು ಹೀಗೆ

ನಾಯಿ ಹೂಸು ಬಿಡುವುದು ಸಹಜ. ಅದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ನಮ್ಮ ರಾಜು ಮಲಗಿದ ಕೋಣೆಯಲ್ಲಿ ಕೂರಲು ಆಗುತ್ತಿರಲಿಲ್ಲ, ಅಷ್ಟು ನಾತ. ಹೊಟ್ಟೆಯಲ್ಲಿ ಸದಾ ಗುಡುಗುಡು ಸದ್ದು. ಅತ್ತೆಯವರು ಊರು ಬಿಟ್ಟಾಗ ನಮ್ಮ ಮನೆಗೆ ಬಂದ ಲ್ಯಾಬ್ರಡಾರ್ ಅವನು.

ಮೊದಲು ಪಶುವೈದ್ಯರ ಹತ್ತಿರ ಹೋದೆವು. ಜಂತುಹುಳುವಿನಿಂದಲೂ ಗ್ಯಾಸ್ ಆಗಬಹುದು, ಹಾಗಾಗಿ ಮಲ ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ. ತೂಕ ಇಳಿದಿರಲಿಲ್ಲ, ಭೇದಿಯೂ ಇರಲಿಲ್ಲ. "ಊಟ ಬದಲಿಸಿ ನೋಡಿ, ಆದರೆ ಒಂದು ಸಲಕ್ಕೆ ಒಂದೇ" ಎಂದರು. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಈ ಮಾತೇ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕಾರಣ ಅಂತ ಗೊತ್ತಾಗುವುದೇ ಇಲ್ಲ, ಅಲ್ವಾ?

ಮೊದಲು ನಿಲ್ಲಿಸಿದ್ದು ಹಾಲು. ಅತ್ತೆಯ ಮನೆಯಲ್ಲಿ ಎರಡು ಹೊತ್ತೂ ಹಾಲನ್ನ ತಿಂದು ಬೆಳೆದವನು ಅವನು. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಅರಗಿಸುವ ಶಕ್ತಿ ಮರಿಗಳಿಗೆ ಚೆನ್ನಾಗಿರುತ್ತದೆ. ಬೆಳೆದಂತೆ ಅದು ಕುಗ್ಗುತ್ತದೆ. ಅರಗದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುಳಿತು ಗ್ಯಾಸ್ ಆಗುತ್ತದೆ. ಅನ್ನ, ಬೇಯಿಸಿದ ಕೋಳಿ ಹಾಗೇ ಇಟ್ಟು ಹಾಲು ಮಾತ್ರ ಬಿಡಿಸಿದೆವು. ಕೆಲವೇ ದಿನಗಳಲ್ಲಿ ಹೊಟ್ಟೆಯ ಸದ್ದು ತಗ್ಗಿತು.

ನಾತ ಮಾತ್ರ ಪೂರ್ತಿ ಹೋಗಲಿಲ್ಲ. ಗ್ಯಾಸ್‌ನ ಬಹುಪಾಲಿಗೆ ವಾಸನೆಯೇ ಇರುವುದಿಲ್ಲ. ನಾರುವುದು ಅದರಲ್ಲಿರುವ ಸ್ವಲ್ಪ ಗಂಧಕದ ಅನಿಲ. ಎಲೆಕೋಸಿನಲ್ಲಿ ಗಂಧಕ ಜಾಸ್ತಿ. ಪಲ್ಯಕ್ಕೆ ಹೆಚ್ಚುವಾಗ ಅವನಿಗೆ ಸಿಗುತ್ತಿದ್ದ ಕೋಸಿನ ದಿಂಡು ನಿಂತಿತು. ಮಿಕ್ಕ ಸಾರೂ ನಿಂತಿತು. ಬೇಳೆಯಿಂದಲೂ ಗ್ಯಾಸ್ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಹಾಳು ಮಾಡುತ್ತವೆ. ಎಷ್ಟು ಗೋಗರೆದರೂ ಕೊಡಬೇಡಿ.

ಆಮೇಲೆ ತಿನ್ನುವ ವೇಗ. ಗಬಗಬ ನುಂಗುವಾಗ ಗಾಳಿಯೂ ಹೊಟ್ಟೆಗೆ ಹೋಗುತ್ತದೆ. ಇದಕ್ಕಾಗಿ ಗುಳಿಗಳಿರುವ ಬಟ್ಟಲು ಮಾರುತ್ತಾರೆ. ನಾನು ಹಳೆಯ ಕಬ್ಬಿಣದ ಪಡ್ಡಿನ ಕಾವಲಿ ತೆಗೆದು, ಗುಳಿಗಳಲ್ಲಿ ಊಟ ಹರಡಿದೆ. ಭಾರವಿರುವುದರಿಂದ ಅದು ನೆಲದ ಮೇಲೆ ಜಾರುವುದಿಲ್ಲ. ಒಂದೊಂದೇ ಗುಳಿ ನೆಕ್ಕಬೇಕಾದ್ದರಿಂದ ತಿನ್ನುವುದು ನಿಧಾನವಾಯಿತು. ಇಷ್ಟಾದ ಮೇಲೆ ಕೋಣೆಯಲ್ಲಿ ನೆಮ್ಮದಿಯಾಗಿ ಕೂರುವ ಹಾಗಾಯಿತು.

ಇಂಗು, ಓಮ ಕೊಡಿ ಅಂತ ತುಂಬಾ ಜನ ಹೇಳಿದರು. ನಾನು ಕೊಡಲಿಲ್ಲ. ನಮ್ಮ ಗ್ಯಾಸ್ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಸುಮ್ನೆ ಕೊಡಬಾರದು.

ಒಂದು ವಿಷಯದಲ್ಲಿ ಮಾತ್ರ ಮನೆಯಲ್ಲಿ ಪ್ರಯೋಗ ಬೇಡವೇ ಬೇಡ. ಹೊಟ್ಟೆ ಊದಿಕೊಂಡು, ನಾಯಿ ಪದೇಪದೇ ಓಕರಿಸಿದರೂ ಏನೂ ಬರದೆ ಚಡಪಡಿಸುತ್ತಿದ್ದರೆ ಅದು ಸಾಧಾರಣ ಗ್ಯಾಸ್ ಅಲ್ಲ. ಜಠರ ತಿರುಚಿಕೊಂಡಿರಬಹುದು. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಗೂಡಿನ ನಾಯಿಗಳಲ್ಲಿ ಈ ಅಪಾಯ ಹೆಚ್ಚು. ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ರಾತ್ರಿ ಹೊತ್ತು ತೆರೆದಿರುವ ಪಶು ಆಸ್ಪತ್ರೆ ಎಲ್ಲಿದೆ ಅಂತ ಈಗಲೇ ವಿಚಾರಿಸಿ, ನಂಬರ್ ಬರೆದಿಟ್ಟುಕೊಳ್ಳಿ.