ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಎದೆಬಡಿತವನ್ನು ಓದಲು ಕಲಿತದ್ದು

2023ರ ಏಪ್ರಿಲ್‌ನಲ್ಲಿ, ಪಿಯುಸಿ ಉತ್ತರಪತ್ರಿಕೆಗಳ ಮೌಲ್ಯಮಾಪನ ನಡೆಯುತ್ತಿದ್ದ ದಿನಗಳಲ್ಲಿ, ಒಂದು ರಾತ್ರಿ ಹನ್ನೊಂದರ ಸುಮಾರಿಗೆ ನನ್ನ ಎದೆ ಇದ್ದಕ್ಕಿದ್ದಂತೆ ಹೊಡೆದುಕೊಳ್ಳತೊಡಗಿತು. ಉಸಿರು ಸಾಲದೆ, ಅಂಗೈ ಬೆವೆತು, ಬೆರಳುಗಳು ಜುಮುಗುಟ್ಟತೊಡಗಿದಾಗ ಇದು ಹೃದಯಾಘಾತವೇ ಎಂದು ಮನೆಯವರೆಲ್ಲ ಹೆದರಿ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ಇಸಿಜಿ, ರಕ್ತಪರೀಕ್ಷೆ, ಮುಂದಿನ ವಾರ ಟ್ರೆಡ್‌ಮಿಲ್ ಪರೀಕ್ಷೆ ಎಲ್ಲವೂ ಆದವು. ಯಾವುದರಲ್ಲಿಯೂ ದೋಷ ಕಾಣಲಿಲ್ಲ. ಆಗ ನನಗೆ 46 ವರ್ಷ. ಇದು ಆತಂಕದ ಆಘಾತ, ಪ್ಯಾನಿಕ್ ಅಟ್ಯಾಕ್, ಎಂದು ವೈದ್ಯರು ವಿವರಿಸಿದಾಗ ಸಿಕ್ಕ ಸಮಾಧಾನ ಎರಡು ದಿನವೂ ಉಳಿಯಲಿಲ್ಲ.

ಅಲ್ಲಿಂದ ಮುಂದೆ ನಾನು ಹಗಲಿರುಳೂ ನನ್ನ ಎದೆಗೆ ಕಿವಿಗೊಟ್ಟು ಕುಳಿತೆ. ಕಾಲೇಜಿನ ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುತ್ತದೆಂದು ನೆಲಮಹಡಿಯ ತರಗತಿಗಳನ್ನು ಕೇಳಿ ಪಡೆದೆ, ಕಾಫಿ ಬಿಟ್ಟೆ, ಬಸ್ಸಿಗಾಗಿ ನಾಲ್ಕು ಹೆಜ್ಜೆ ಬಿರುಸಾಗಿ ಹಾಕುವುದನ್ನೂ ಬಿಟ್ಟೆ. ದೇಹದ ಅರಿವು ಬೆಳೆಸಿಕೊಳ್ಳಿ ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ನನ್ನಲ್ಲಿ ಆಗ ದೇಹದ ಕಡೆಗಿನ ಗಮನ ಬೇಕಾದ್ದಕ್ಕಿಂತ ಹತ್ತು ಪಟ್ಟು ಹೆಚ್ಚಾಗಿಯೇ ಇತ್ತು. ಆದರೆ ಕೇಳಿಸಿದ್ದರ ಅರ್ಥ ಗೊತ್ತಾಗುತ್ತಿರಲಿಲ್ಲ. ಅಕ್ಷರ ಬಾರದವರು ಟೆಲಿಗ್ರಾಂ ಕೈಗೆ ಬಂದೊಡನೆ ಸಾವಿನ ಸುದ್ದಿಯೆಂದು ಅಳತೊಡಗುತ್ತಿದ್ದರಂತೆ. ನನ್ನ ಸ್ಥಿತಿಯೂ ಹಾಗೆಯೇ ಇತ್ತು.

ನಾನು ಕಂಡ ಮನೋವೈದ್ಯೆ ಕೆಲವು ತಿಂಗಳಿಗೆ ಮಾತ್ರೆ ಬರೆದುಕೊಟ್ಟರು. ಅದರ ಜೊತೆಗೆ ದಿನವೂ ಬಿರುಸಾಗಿ ನಡೆಯಬೇಕೆಂದರು. "ಮೇಡಂ, ನಿಮ್ಮನ್ನು ಹೆದರಿಸುವುದು ಎದೆಬಡಿತ ತಾನೇ? ಅದನ್ನು ನೀವೇ ಬೇಕೆಂದು ತರಿಸಿಕೊಳ್ಳಿ, ನೀವೇ ಇಳಿಸಿ. ದಿನವೂ ಮಾಡಿದರೆ ಅದರ ಪರಿಚಯವಾಗುತ್ತದೆ" ಎಂದದ್ದು ನನಗೆ ಕಡೆಯವರೆಗೂ ದಾರಿ ತೋರಿಸಿತು. ಹೃದಯದ ಪರೀಕ್ಷೆಗಳು ಆಗಲೇ ಮುಗಿದಿದ್ದರಿಂದ ಅವರು ಧೈರ್ಯವಾಗಿ ಹಾಗೆ ಹೇಳಿದರು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎದೆನೋವು ಇರುವವರು ತಪಾಸಣೆ ಮಾಡಿಸಿಕೊಳ್ಳದೆ ಹೊರಡಬಾರದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ನಮ್ಮ ಮನೆಗೆ ಕುಕ್ಕರಹಳ್ಳಿ ಕೆರೆ ಹತ್ತಿರ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ ಈ ಕೆರೆಯ ಸುತ್ತಲೂ ಮರಗಳ ನೆರಳಿನ ಮಣ್ಣಿನ ಹಾದಿಯಿದೆ. ಬೆಳಗಿನ ಆರಕ್ಕೆ ಅಲ್ಲಿ ಅರ್ಧ ಮೈಸೂರೇ ನಡೆಯುತ್ತಿರುತ್ತದೆ. ಮೊದಲ ತಿಂಗಳು ವಾರಕ್ಕೆ ಐದು ದಿನ, ದಿನಕ್ಕೆ 20 ನಿಮಿಷ ನಡೆದೆ. ಎರಡನೆಯ ತಿಂಗಳಿಗೆ ಅದು 30 ಆಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ಹೇಳಿದೆ. ಅದರ ಕೆಳಗಿನ ಅಂಚನ್ನು ಮುಟ್ಟಲು ನನಗೆ ಎರಡು ತಿಂಗಳು ಬೇಕಾಯಿತು. ಶ್ರಮ ಎಷ್ಟಿರಬೇಕೆಂಬುದಕ್ಕೆ ನಾನು ಇಟ್ಟುಕೊಂಡ ಅಳತೆ ಮಾತು. ನಡೆಯುತ್ತ ಒಂದು ಪೂರ್ತಿ ವಾಕ್ಯ ಹೇಳಲು ಬರಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಎರಡು ಪದಕ್ಕೇ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತೆಂದು ಅರ್ಥ.

ಮೂರನೆಯ ತಿಂಗಳು ನಡುನಡುವೆ ಒಂದೊಂದು ನಿಮಿಷ ಓಡತೊಡಗಿದೆ. ಆ ತಿಂಗಳ ಒಂದು ಬೆಳಗನ್ನು ನಾನು ಮರೆಯಲಾರೆ. ನಾಲ್ಕನೆಯ ಓಟ ಮುಗಿಯುವಷ್ಟರಲ್ಲಿ ಬಡಿತ ಗಂಟಲಿನವರೆಗೆ ಏರಿತು, ಅದರ ಹಿಂದೆಯೇ ಏಪ್ರಿಲ್‌ನ ಆ ರಾತ್ರಿಯೂ ಬಂದು ನಿಂತಿತು. ಪಕ್ಕದ ಕಲ್ಲುಬೆಂಚಿನ ಮೇಲೆ ಕುಸಿಯಲಿದ್ದವಳನ್ನು ಎದುರಿಗೆ ಬರುತ್ತಿದ್ದ ಹಿರಿಯರೊಬ್ಬರು ತಡೆದು, "ಕೂತ್ಕೋಬೇಡಮ್ಮ, ನಿಧಾನಕ್ಕೆ ನಡೀತಾ ಇರು" ಎಂದರು. ಓಟವನ್ನು ತಟ್ಟನೆ ನಿಲ್ಲಿಸಿದರೆ ರಕ್ತ ಕಾಲುಗಳಲ್ಲೇ ನಿಂತು ತಲೆ ಸುತ್ತಬಹುದೆಂಬುದು ಆಮೇಲೆ ತಿಳಿಯಿತು. ನಡೆಯುತ್ತಲೇ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿದೆ. 34 ಬಂತು, ಎಂದರೆ ನಿಮಿಷಕ್ಕೆ 136. ಇನ್ನೊಂದು ನಿಮಿಷ ನಡೆದು ಮತ್ತೆ ಎಣಿಸಿದಾಗ 108. 220ರಿಂದ ವಯಸ್ಸನ್ನು ಕಳೆಯುವ ಸ್ಥೂಲ ಲೆಕ್ಕದಲ್ಲಿ ನನ್ನ ಗರಿಷ್ಠ ಬಡಿತ 174; ಹಾಗಿರುವಾಗ 136 ದುಡಿಯುವ ಹೃದಯದ ಸಹಜವಾದ ಬಡಿತ. ಶ್ರಮ ನಿಂತ ಮೊದಲ ನಿಮಿಷದಲ್ಲಿ ಬಡಿತ 12ಕ್ಕಿಂತ ಹೆಚ್ಚು ಇಳಿದರೆ ಒಳ್ಳೆಯದೆಂದು ಹೃದ್ರೋಗತಜ್ಞರು ಹೇಳುತ್ತಾರೆ. ನನ್ನದು 28 ಇಳಿದಿತ್ತು. ನೀರಿನ ಕಡೆಯಿಂದ ಹೆಜ್ಜಾರ್ಲೆಯೊಂದು ಭಾರವಾಗಿ ರೆಕ್ಕೆ ಬಡಿದು ಮೇಲೆದ್ದದ್ದನ್ನು ಗಮನಿಸಿದಾಗಲೇ, ನನ್ನ ಗಮನ ಎದೆಯನ್ನು ಬಿಟ್ಟು ಹೊರಕ್ಕೆ ಬಂದಿದೆಯೆಂದು ತಿಳಿದು ಕಣ್ಣು ತುಂಬಿಬಂತು.

ಒಳಗಿನ ಅಂಗಗಳ ಸುದ್ದಿಯನ್ನು ಮಿದುಳು ಗ್ರಹಿಸುವ ಈ ಕ್ರಿಯೆಗೆ ವಿಜ್ಞಾನಿಗಳು ಇಂಟರೋಸೆಪ್ಷನ್ ಎನ್ನುತ್ತಾರೆ. ಮಿದುಳಿನ ಮಡಿಕೆಯೊಳಗಿರುವ ಇನ್ಸುಲಾ ಎಂಬ ಭಾಗಕ್ಕೆ ಇದರಲ್ಲಿ ಮುಖ್ಯ ಪಾತ್ರವಿದ್ದು, ಭಾವನೆಗಳ ಅನುಭವದಲ್ಲಿಯೂ ಅದೇ ಭಾಗ ತೊಡಗುತ್ತದೆ. ಕನ್ನಡ ಪಾಠ ಹೇಳುವ ನನಗೆ ಇದು ನಂಬಲಾಗದ ಸಂಗತಿಯೆನಿಸಲಿಲ್ಲ. ಹೊಟ್ಟೆಕಿಚ್ಚು, ಎದೆಗುಂದುವುದು, ಕರುಳು ಚುರುಕ್ಕೆನ್ನುವುದು, ಮೈಯುರಿಯುವುದು, ಜೀವ ಬಾಯಿಗೆ ಬರುವುದು ಎಂದೆಲ್ಲ ನಮ್ಮ ಮಾತು ಭಾವನೆಗಳನ್ನು ಮೈಯೊಳಗೇ ಇರಿಸಿಕೊಂಡು ಬಂದಿದೆ. ಆ ಮಾತುಗಳನ್ನು ಇಪ್ಪತ್ತು ವರ್ಷ ಪಾಠ ಮಾಡಿದ್ದರೂ ನನ್ನ ಮೈಯಲ್ಲಿ ಅವು ಎಲ್ಲಿವೆಯೆಂದು ನಾನು ಹುಡುಕಿರಲಿಲ್ಲ.

ಹುಡುಕಿದಾಗ ಸಿಕ್ಕ ಒಂದು ಗುರುತನ್ನು ಇಲ್ಲಿ ವಿವರವಾಗಿ ಹೇಳಬೇಕು. ಓಡಿದಾಗಿನ ಎದೆಬಡಿತವೂ ಭಯದ ಎದೆಬಡಿತವೂ ಎದೆಯಲ್ಲಿ ಬಹುಮಟ್ಟಿಗೆ ಒಂದೇ ಬಗೆಯಾಗಿರುತ್ತವೆ. ವ್ಯತ್ಯಾಸ ಇರುವುದು ಕೈಗಳಲ್ಲಿ. ಹತ್ತು ನಿಮಿಷ ಓಡಿದ ಮೇಲೆ ಅಂಗೈ ಬೆಚ್ಚಗಾಗಿ, ಮುಖ ಕೆಂಪೇರಿ, ಉಸಿರು ಹೊಟ್ಟೆಯವರೆಗೂ ಇಳಿಯುತ್ತದೆ. ಭಯದಲ್ಲಿ ಚರ್ಮದ ರಕ್ತನಾಳಗಳು ಸಂಕುಚಿಸುವುದರಿಂದ ಬೆರಳ ತುದಿ ತಣ್ಣಗಾಗುತ್ತದೆ, ಉಸಿರು ಕೊರಳಪಟ್ಟಿಯ ಬಳಿಯೇ ಚಿಕ್ಕದಾಗಿ ಆಡುತ್ತದೆ. ಬೆರಳನ್ನು ಕೆನ್ನೆಗೆ ಮುಟ್ಟಿಸಿ ನೋಡುವುದು ಆಮೇಲೆ ನನಗೆ ಅಭ್ಯಾಸವಾಯಿತು. ಹಸಿವಿನ ಸಿಡುಕು, ನಿದ್ದೆಗೆಟ್ಟ ದಿನದ ಬೇಸರ, ನಿಜವಾದ ಕೋಪ ಇವು ಮೂರನ್ನೂ ಬಿಡಿಸಿ ನೋಡುವುದು ಅದರ ನಂತರ ಬಂತು. ಮಕ್ಕಳ ಮೇಲೆ ರೇಗುವ ಮುನ್ನ ತಿಂಡಿ ತಿಂದಿದ್ದೇನೆಯೇ ಎಂದು ಕೇಳಿಕೊಂಡ ದಿನಗಳು ಈಗ ಬಹಳವಾಗಿವೆ.

ಡಿಸೆಂಬರ್ ಹೊತ್ತಿಗೆ ಎಡೆಬಿಡದೆ 20 ನಿಮಿಷ ಓಡುವಂತಾದೆ. ಬೆಳಗ್ಗೆ ಎದ್ದೊಡನೆ ಎಣಿಸಿದ ನಾಡಿ 84ರಿಂದ 70ಕ್ಕೆ ಇಳಿದಿತ್ತು. ಅದೇ ಹುರುಪಿನಲ್ಲಿ ವಾರಕ್ಕೆ ಏಳು ದಿನವೂ ಓಡಿ, ಮೊಣಕಾಲಿನ ಕೆಳಗಿನ ಮೂಳೆಗುಂಟ ನೋವು ತಂದುಕೊಂಡು ಮೂರು ವಾರ ಮನೆಯಲ್ಲಿ ಕುಳಿತೆ. ಕೈಗೆ ಕಟ್ಟಿದ್ದ ಸ್ಮಾರ್ಟ್ ವಾಚ್ ತೋರಿಸುವ ಅಂಕಿಗಳನ್ನು ಗಂಟೆಗಂಟೆಗೂ ನೋಡುವ ಚಟವೂ ಆಗಲೇ ಹತ್ತಿತ್ತು. ಹಳೆಯ ಆತಂಕ ಹೊಸ ವೇಷದಲ್ಲಿ ಬಂದಿದೆಯೆಂದು ತಿಳಿದ ದಿನ ಆ ವಾಚನ್ನು ಬಿಚ್ಚಿಟ್ಟೆ. ಆತಂಕದ ಸ್ವಭಾವದವರು ಆರಂಭದಲ್ಲಿ ಬೆರಳಿನಿಂದ ನಾಡಿ ಎಣಿಸುವುದೇ ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಎಣಿಸಬೇಕಾದರೆ ತನ್ನ ಮೈಯನ್ನು ತಾನೇ ಮುಟ್ಟಬೇಕಾಗುತ್ತದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಖಿನ್ನತೆಯಿದ್ದ, 50 ದಾಟಿದ 156 ಜನರ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 16 ವಾರಗಳ ಏರೋಬಿಕ್ ವ್ಯಾಯಾಮ ಸೆರ್ಟ್ರಲೈನ್ ಮಾತ್ರೆಗೆ ಸರಿಸಮನಾದ ಫಲ ಕೊಟ್ಟಿತ್ತು. ಮಾತ್ರೆ ತೆಗೆದುಕೊಂಡವರು ಮಾತ್ರ ಬೇಗ ಚೇತರಿಸಿಕೊಂಡಿದ್ದರು. ಇದನ್ನು ಓದಿ ಮಾತ್ರೆಯನ್ನು ತಾನಾಗಿ ಬಿಡುವುದು ಸರಿಯಲ್ಲ. ನಾನು ಬಿಟ್ಟದ್ದು ಚಿಕಿತ್ಸೆಯ ಹನ್ನೊಂದನೆಯ ತಿಂಗಳಲ್ಲಿ, ವೈದ್ಯೆ ಹೇಳಿದಂತೆ, ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತ. ಆ ತಿಂಗಳ ಕೊನೆಯ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ನಂದಿಯವರೆಗಿನ ಸುಮಾರು 700 ಮೆಟ್ಟಿಲಲ್ಲಿ ಎದೆ ಜೋರಾಗಿಯೇ ಬಡಿಯಿತು, ನಾನು ಅದರ ಪಾಡಿಗೆ ಅದನ್ನು ಬಿಟ್ಟೆ.

ಕಳೆದ ವರ್ಷ ಅಮ್ಮನಿಗೆ ಶಸ್ತ್ರಚಿಕಿತ್ಸೆಯಾಯಿತು. ತಮ್ಮನೂ ನಾನೂ ಹೊರಗಿನ ಮೊಗಸಾಲೆಯಲ್ಲಿ ಕುಳಿತಿದ್ದಾಗ ಎದೆ ಹೊಡೆದುಕೊಳ್ಳಲಾರಂಭಿಸಿತು. ಬೆರಳನ್ನು ಕೆನ್ನೆಗೆ ಮುಟ್ಟಿಸಿದೆ, ಮಂಜಿನಂತೆ ತಣ್ಣಗಿತ್ತು. ಹೃದಯಕ್ಕೆ ಏನೂ ಆಗಿಲ್ಲ, ಅಮ್ಮನ ಬಗ್ಗೆ ಹೆದರಿದ್ದೇನೆ ಎಂಬುದು ಸ್ಪಷ್ಟವಾಯಿತು. "ನನಗೆ ಭಯವಾಗ್ತಿದೆ ಕಣೋ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಅಕ್ಕ" ಎಂದ. ಒಳಗಿನಿಂದ ಕರೆ ಬರುವವರೆಗೂ ಇಬ್ಬರೂ ಮೊಗಸಾಲೆಯ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆವು.