ಸೊಂಟದ ಕವಚ: ಹಿರಿಯರನ್ನು ಒಪ್ಪಿಸುವುದು ಹೇಗೆ?

ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯ ವೃದ್ಧಾಶ್ರಮದಲ್ಲಿರುವ ದೊಡ್ಡಮ್ಮನಿಗೆ ಸೊಂಟದ ಕವಚ ತಂದುಕೊಟ್ಟಿದ್ದೆ. ಮೂರನೇ ದಿನಕ್ಕೆ ಅದು ದಿಂಬಿನಡಿ ಸೇರಿತ್ತು. "ಮೂತ್ರಕ್ಕೆ ಅವಸರ ಆದಾಗ ಇದು ಇಳಿಯುವುದೇ ಇಲ್ಲ ಮಗಾ" ಅಂದರು. ಹಟವೆಂದುಕೊಂಡಿದ್ದೆ, ಅದು ಮಾನದ ಭಯ.

ಕವಚವೆಂದರೆ ಎರಡೂ ಪಕ್ಕೆಗೆ ಮೆತ್ತೆ ಇಟ್ಟು ಹೊಲಿದ ಒಳಚಡ್ಡಿ. ಅದು ಬೀಳುವುದನ್ನು ತಪ್ಪಿಸುವುದಿಲ್ಲ, ಪಕ್ಕಕ್ಕೆ ಬಿದ್ದಾಗ ಮೂಳೆಗೆ ತಗಲುವ ಏಟನ್ನು ತಗ್ಗಿಸುತ್ತದೆ. 2000ದಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿ ಕವಚ ಪಡೆದವರು ಅದನ್ನು ಹಾಕಿಕೊಂಡು 1034 ಸಲ ಬಿದ್ದಾಗ ಸೊಂಟ ಮುರಿದದ್ದು 4 ಮಂದಿಗೆ. ಹಾಕಿಕೊಳ್ಳದೆ 370 ಸಲ ಬಿದ್ದಾಗ 9 ಮಂದಿಗೆ. ಆದರೆ ಅಲ್ಲಿಯೂ, ಕೊಡುತ್ತೇವೆಂದರೂ 31 ಶೇಕಡಾ ಜನ ಬೇಡವೆಂದಿದ್ದರು.

ಮೊದಲು ಕೂತು ಮಾತಾಡಿ, ಅವರ ಭಾಷೆಯಲ್ಲಿ. ನಮ್ಮಲ್ಲಿ ಆರೈಕೆಯ ಚೇಚಿ (ಅಕ್ಕ) ಮಲಯಾಳದಲ್ಲಿ ಹೇಳಿದ್ದು ದೊಡ್ಡಮ್ಮನಿಗೆ ಅರ್ಧವೇ ತಲುಪಿತ್ತು. ಮೆತ್ತೆಯನ್ನು ಕೈಗೆ ಕೊಡಿ, ಹೆಬ್ಬೆರಳಲ್ಲಿ ಒತ್ತಿ ನೋಡಲಿ. ಬಣ್ಣ ಅವರೇ ಆರಿಸಲಿ.

ಆಮೇಲೆ ನಿಲ್ಲಿಸಿ ಸೊಂಟದ ಸುತ್ತಳತೆ ತೆಗೆಯಿರಿ. ಡಯಪರ್ ಹಾಕುವವರಾದರೆ ಅದರ ಸಮೇತ. ಮಗ್ಗುಲಾಗಿ ಮಲಗಿದಾಗ ಹಾಸಿಗೆಗೆ ಒತ್ತುವ ಮೂಳೆಯಿದೆಯಲ್ಲ, ಮೆತ್ತೆ ಸರಿಯಾಗಿ ಅದರ ಮೇಲೆಯೇ ಕೂರಬೇಕು. ಬಿಗಿಯಾದರೆ ಬಿಚ್ಚುತ್ತಾರೆ, ಸಡಿಲವಾದರೆ ಮೆತ್ತೆ ಜಾರುತ್ತದೆ.

ನಾನು ಬಿಟ್ಟುಬಿಟ್ಟಿದ್ದು ಇದನ್ನೇ: ಹಗಲಲ್ಲಿ, ಅವಸರವಿಲ್ಲದಾಗ, ಶೌಚಾಲಯಕ್ಕೆ ಜತೆಗೆ ಹೋಗಿ ಇಳಿಸುವುದನ್ನೂ ಏರಿಸುವುದನ್ನೂ ಅಭ್ಯಾಸ ಮಾಡಿಸಬೇಕು. ಒಂದು ಕೈ ಗೋಡೆಯ ಹಿಡಿಕೆಯ ಮೇಲೆ, ಇನ್ನೊಂದು ಕವಚದ ಪಟ್ಟಿಯ ಮೇಲೆ. ದೊಡ್ಡಮ್ಮನ ಬೆರಳುಗಳಿಗೆ ವಾತ. ಪಟ್ಟಿಯ ಎರಡೂ ಬದಿಗೆ ಬಟ್ಟೆಯ ಕುಣಿಕೆ ಹೊಲಿದ ಮೇಲೆ ಹೆಬ್ಬೆರಳು ತೂರಿಸಿ ತಾವೇ ಎಳೆದುಕೊಂಡರು. ಆ ದಿನದಿಂದ ದಿಂಬಿನಡಿ ಏನೂ ಸಿಕ್ಕಿಲ್ಲ.

ಶುರುವಿಗೆ ಒಂದೆರಡು ಗಂಟೆ ಸಾಕು, ಹಾಗೇ ಹೆಚ್ಚಿಸಿ. ರಾತ್ರಿಯದನ್ನು ಮಾತ್ರ ಬಿಡಬೇಡಿ. ನಿದ್ದೆಗಣ್ಣಲ್ಲಿ ಎದ್ದು ಹೋಗುವಾಗ ಬೀಳುವ ಅಪಾಯ ಜಾಸ್ತಿ. ಬಿಚ್ಚಿದಾಗಲೆಲ್ಲ ಚರ್ಮ ಕೆಂಪಾಗಿದೆಯೇ ನೋಡಿ.

ಜೋಡಿ ಮೂರಾದರೂ ಬೇಕು. ಆಟಿ ತಿಂಗಳ ಮಳೆಯಲ್ಲಿ ಈ ಮೆತ್ತೆ ಎರಡು ದಿನಕ್ಕೂ ಒಣಗುವುದಿಲ್ಲ, ಒದ್ದೆಯದನ್ನು ಯಾರಿಗೂ ಹಾಕಬಾರದು.

ಇಷ್ಟಾದರೂ ಬೇಡವೆಂದರೆ ಒತ್ತಾಯಿಸಬೇಡಿ. ಏನು ತೊಂದರೆಯೆಂದು ಕೇಳಿ, ವಾರ ಬಿಟ್ಟು ಮತ್ತೆ ಕೇಳಿ. ದೊಡ್ಡಮ್ಮ ಈಗಲೂ ಮಧ್ಯಾಹ್ನದ ಸೆಕೆಗೆ ಕವಚ ಬಿಚ್ಚಿಟ್ಟು ಮಲಗುತ್ತಾರೆ. ಏಳುವ ಮುಂಚೆ ಚೇಚಿಯನ್ನು ಕರೆಯುತ್ತಾರೆ, ಹಾಕಿಕೊಂಡೇ ಕಾಲು ಕೆಳಗಿಡುತ್ತಾರೆ.